ಕಥೆಯನ್ನು ಹೇಳತಕ್ಕವರು ಯಾರು?

ಕಥೆಯನ್ನು ಬರೆಯಲು ಕುಳಿತವನಿಗೆ ಮೊದಲು ಎದುರಾಗುವ ಪ್ರಶ್ನೆಯು, ಅದನ್ನು 'ನಾನು' ಎಂದು ಹೇಳಿಸಬೇಕೋ 'ಅವನು' ಎಂದು ಹೇಳಬೇಕೋ ಎಂಬುದು. ಇದು ಕೇವಲ ವ್ಯಾಕರಣದ ಪುರುಷವಿಚಾರವೆಂದು ನಾನು ಬಹುಕಾಲ ಭಾವಿಸಿದ್ದೆನು. ಧರ್ಮವಿಚಾರವೂ ಹೌದೆಂಬುದು ಈ ವಯಸ್ಸಿನಲ್ಲಿ ತಿಳಿಯಿತು.

ನಮ್ಮ ಆಲಂಕಾರಿಕರು ಇದನ್ನು ಆಲೋಚಿಸದೆ ಬಿಟ್ಟವರಲ್ಲ. ಆಖ್ಯಾಯಿಕೆಯಲ್ಲಿ ನಾಯಕನೇ ತನ್ನ ವೃತ್ತಾಂತವನ್ನು ಹೇಳುವನೆಂದೂ, ಕಥೆಯಲ್ಲಿ ಅನ್ಯರು ಹೇಳಬೇಕೆಂದೂ ಭಾಮಹನ ಮತ. ಕುಲೀನನಾದವನು ತನ್ನ ಗುಣಗಳನ್ನು ತಾನೇ ಹೇಗೆ ಸಾರಿಯಾನು ಎಂಬುದು ಅವನ ಆಕ್ಷೇಪ. ದಂಡಿಯಾದರೋ ಕಾವ್ಯಾದರ್ಶದಲ್ಲಿ ಈ ಭೇದವನ್ನೇ ಒಪ್ಪುವುದಿಲ್ಲ. ನಡೆದುದನ್ನು ನಡೆದಂತೆ ಹೇಳುವವನಿಗೆ ಆತ್ಮಪ್ರಶಂಸೆಯ ದೋಷವಿಲ್ಲವೆನ್ನುತ್ತಾನೆ. ಈ ಚರ್ಚೆಯೆಲ್ಲ ಸ್ವಗುಣವನ್ನು ಕುರಿತದ್ದು. ಸ್ವದೋಷವನ್ನು ಹೇಳಬೇಕಾದವನ ಗತಿಯೇನು?

ನಾನು ಉಪಾಧ್ಯಾಯನಾಗಿದ್ದಾಗ ಒಬ್ಬ ಹುಡುಗನು ತಾನೇ ರಚಿಸಿದುದೆಂದು ಒಂದು ಶ್ಲೋಕವನ್ನು ತಂದು ತೋರಿಸಿದನು. ಅದು ಅವನ ವಯಸ್ಸಿಗೆ ಮೀರಿ ಚೆನ್ನಾಗಿದ್ದಿತು. ಕದ್ದುದೆಂದು ನಿಶ್ಚಯಿಸಿ, ತರಗತಿಯ ಮುಂದೆ ನಿಲ್ಲಿಸಿ ಬೆತ್ತದಿಂದ ಹೊಡೆದೆನು. ಎರಡು ತಿಂಗಳ ಅನಂತರ ಅವನ ತಂದೆಯವರು ಹಳೆಯ ಕರಡುಗಳನ್ನು ತಂದು ನನ್ನ ಮುಂದಿಟ್ಟರು. ಹೊಡೆದು ತಿದ್ದಿದ ಪದಗಳೆಲ್ಲವೂ ಆ ಬಾಲಕನ ಕೈಬರಹವೇ. ಅವನು ಮತ್ತೆ ಶ್ಲೋಕವನ್ನು ತರಲಿಲ್ಲ.

ವಿಶ್ರಾಂತನಾದ ಮೇಲೆ ಇದನ್ನು ಕಥೆಯಾಗಿ ಬರೆದೆನು. ಮೊದಲು ಉಪಾಧ್ಯಾಯನೇ 'ನಾನು' ಎಂದು ಹೇಳಿದನು. ನನ್ನ ಪತ್ನಿಯು ಓದಿ, "ಇದರಲ್ಲಿ ಮೇಷ್ಟರ ಮೇಲೆಯೇ ಮರುಕ ಹುಟ್ಟುತ್ತದಲ್ಲ, ಏಟು ತಿಂದವನೆಲ್ಲಿ?" ಎಂದಳು. ಹೌದು; ಪ್ರತಿಯೊಂದು ವಾಕ್ಯದಲ್ಲಿಯೂ ಒಂದೊಂದು ಸಮಾಧಾನವಿದ್ದಿತು. ಎರಡನೆಯ ಸಲ ಹುಡುಗನಿಂದಲೇ ಹೇಳಿಸಿದೆನು. ಕೊನೆಯಲ್ಲಿ ಆ ಹುಡುಗನು ಗುರುವನ್ನು ಕ್ಷಮಿಸಿಬಿಟ್ಟನು! ಆಗ ನನಗೆ ನಾಚಿಕೆಯಾಯಿತು. ಅವನ ಬಾಯಿಂದ ನನ್ನನ್ನು ನಾನೇ ಕ್ಷಮಿಸಿಕೊಳ್ಳುವ ಅಧಿಕಾರವನ್ನು ನನಗೆ ಕೊಟ್ಟವರು ಯಾರು?

ಬಾಣಭಟ್ಟನ ಕಾದಂಬರಿಯಲ್ಲಿ ಗಿಳಿಯು ಶೂದ್ರಕರಾಜನಿಗೆ ಕಥೆಯನ್ನು ಹೇಳುತ್ತದೆಯಷ್ಟೆ. ಆದರೆ ತನ್ನ ಪೂರ್ವಜನ್ಮದ ಅವಿನಯವನ್ನು ಅದು ತಾನಾಗಿ ಅರಿತುದಲ್ಲ. ಜಾಬಾಲಿ ಮಹರ್ಷಿಗಳ ಬಾಯಿಂದ ಕೇಳಿ ತಿಳಿದುದು. ಪಾಠಶಾಲೆಯಲ್ಲಿ ಓದಿದಾಗ ಇದನ್ನು ಕಥೆಯೊಳಗೆ ಕಥೆಯನ್ನು ಸೇರಿಸಿದ ಚಮತ್ಕಾರವೆಂದುಕೊಂಡಿದ್ದೆನು. ತನ್ನ ತಪ್ಪಿನ ಪೂರ್ಣರೂಪವು ಇನ್ನೊಬ್ಬರ ಮಾತಿನಲ್ಲಿಯೇ ಕಾಣತಕ್ಕದ್ದೆಂಬ ಅರ್ಥವು ಈಗ ಹೊಳೆಯಿತು.

ಆದಕಾರಣ ಮೂರನೆಯ ಸಲ ಕಥೆಯನ್ನು ಹುಡುಗನ ಪಕ್ಕದಲ್ಲಿ ಕುಳಿತಿದ್ದ ಸಹಪಾಠಿಯ ವಶಕ್ಕೆ ಕೊಟ್ಟೆನು. ಅವನು ಕಂಡುದು ಬೆತ್ತ, ಕೆಂಪಾದ ಅಂಗೈ, ಮಡಿಚಿಟ್ಟ ಕಾಗದ, ಇಷ್ಟೆ. ಗುರುವಿನ ಸದುದ್ದೇಶವಾಗಲಿ ಮಿತ್ರನ ಮನಸ್ಸಾಗಲಿ ಅವನಿಗೆ ಕಾಣದು. ಕಥೆಯು ಚಿಕ್ಕದಾಯಿತು, ಸತ್ಯಕ್ಕೆ ಹತ್ತಿರವಾಯಿತು.

ಬರೆಯುವ ತರುಣರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಯಾರು ಹೇಳಿದರೆ ಸೊಗಸೆಂದು ಕೇಳುವ ಮೊದಲು, ಯಾರು ಹೇಳಿದರೆ ನಿಮಗೆ ಅನುಕೂಲವೆಂದು ಕೇಳಿಕೊಳ್ಳಿರಿ, ಅವರ ಬಾಯಿಗೆ ಮಾತ್ರ ಕಥೆಯನ್ನು ಕೊಡಬೇಡಿರಿ. ನನ್ನ ಶಿಷ್ಯನು ಈಗ ಎಲ್ಲಿರುವನೋ ಅರಿಯೆನು. ಕ್ಷಮೆಯ ಮಾತು ಅವನದು. ಅದನ್ನು ನಾನು ಬರೆಯದೆ ಬಿಟ್ಟಿದ್ದೇನೆ.