ಹಗೇವು ಮತ್ತು ಇನ್ವರ್ಟರ್

ಮೂರು ದಿನ ಕರೆಂಟ್ ಹೋದರೆ ಮನೆಯಲ್ಲಿ ಏನೇನಿರಬೇಕು ಅಂತ ಪಟ್ಟಿ ಮಾಡೋದು ಸುಲಭ. ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು ಅಂತಿಟ್ಟುಕೊಂಡರೆ ನಾಲ್ಕು ಜನಕ್ಕೆ 48 ಲೀಟರ್. ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ತುಂಬಿದ ಸಿಲಿಂಡರ್, ಟಾರ್ಚು, ವಾರದ ಮಾತ್ರೆ. ಟವರ್ ಸತ್ತರೆ ಯುಪಿಐ ಕೂಡ ಸತ್ತಂತೆ, ಹಾಗಾಗಿ ಸ್ವಲ್ಪ ನಗದು. ಈ ಪಟ್ಟಿ ಎಷ್ಟು ಜನರಿಗೆ ಅನ್ನೋದೇ ಕಷ್ಟದ ಪ್ರಶ್ನೆ.

ಬೆಂಗಳೂರಲ್ಲಿ ಅಷ್ಟು ದಿನ ಯಾವಾಗ ಹೋಗಿದೆ ಅಂತೀರಾ? 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯದವೂ ಜೊತೆಗೆ ಬಿದ್ದವು. ಸುಮಾರು 60 ಕೋಟಿ ಜನರಿರುವ ಪ್ರದೇಶ ಗಂಟೆಗಟ್ಟಲೆ ಕತ್ತಲಾಯಿತು. ನಾವು ಉಳಿದುಕೊಂಡಿದ್ದು ದಕ್ಷಿಣದ ಗ್ರಿಡ್ ಆಗ ಬೇರೆಯಾಗಿ ಓಡುತ್ತಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ನಾವೂ ಸೇರಿಕೊಂಡೆವು. ಅದರಿಂದ ಕೊರತೆಯಾದಾಗ ದೂರದ ಕರೆಂಟ್ ಬರುತ್ತೆ. ದೂರದ ಕಷ್ಟವೂ ಬರಬಹುದು.

ನಾನಿರೋ ಸೋಲದೇವನಹಳ್ಳಿಗೆ ಕರೆಂಟಿಗಿಂತ ಹಳೆಯ ಕಥೆಯಿದೆ. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯ ನೀರು ಇಳಿಜಾರಲ್ಲಿ ಇಲ್ಲಿಗೆ ಹರಿದು ಬರುತ್ತಿತ್ತು. ಇಲ್ಲಿನ ಉಗಿಯಂತ್ರಗಳು ಅದನ್ನು ಬೆಂಗಳೂರಿಗೆ ಎತ್ತುತ್ತಿದ್ದವು. ಬೆಂಗಳೂರಿಗೆ ಕರೆಂಟ್ ಬಂದದ್ದು 1905ರಲ್ಲಿ. ಈಗ ಅದೇ ಊರಿನ ನಮ್ಮ ಬಿಲ್ಡಿಂಗಿನಲ್ಲಿ ಬೋರ್‌ವೆಲ್ ಮೋಟರ್ ನಿಂತರೆ ಮೇಲಿನ ಟ್ಯಾಂಕ್ ಖಾಲಿಯಾಗುವವರೆಗೆ ಮಾತ್ರ ನೀರು. ಆಮೇಲೆ ಎಲ್ಲರೂ ಸಮಾನರು, ತುಂಬಿಟ್ಟವರನ್ನು ಬಿಟ್ಟು.

ಒಂದು ಲೆಕ್ಕ ನೋಡಿ. ಸಾಮಾನ್ಯ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪ್‌ಅವರ್. ಅಂದರೆ 1800 ವಾಟ್‌ಅವರ್; ನಷ್ಟ ಕಳೆದು ಕೈಗೆ ಸಿಗೋದು ಸುಮಾರು 1400. ಎರಡು ಫ್ಯಾನು, ನಾಲ್ಕು ಲೈಟು, ವೈಫೈ ಸೇರಿ 150 ವಾಟ್ ಆದರೆ ಒಂಬತ್ತು ಗಂಟೆ ಆರಾಮ. ಕೆಳಗಿನ ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿರೋ ಒಬ್ಬ ಅಜ್ಜ ಇದ್ದಾರೆ ಅಂದುಕೊಳ್ಳಿ. ಆ ಯಂತ್ರ ಸುಮಾರು 350 ವಾಟ್ ಎಳೆಯುತ್ತೆ. ನನ್ನ ಒಂಬತ್ತು ಗಂಟೆಯ ಗಾಳಿ ಅವರಿಗೆ ನಾಲ್ಕು ಗಂಟೆಯ ಉಸಿರು. ಆರು ಮನೆಯ ಬ್ಯಾಟರಿ ಒಂದಾದ ಮೇಲೊಂದು ಕೊಟ್ಟರೆ ಒಂದು ಇಡೀ ದಿನ. ಅಷ್ಟರಲ್ಲಿ ಸಿಲಿಂಡರ್ ತರಬಹುದು, ಆಸ್ಪತ್ರೆಗೆ ಸಾಗಿಸಬಹುದು.

ನಮ್ಮೂರ ಕಡೆ ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡೋರು. ನೆಲದೊಳಗಿನ ಕಣಜ ಅದು, ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ತಕ್ಷಣ ಇಳಿಯೋ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತೆ. ದೀಪ ಇಳಿಬಿಟ್ಟು ನೋಡಬೇಕು, ಆರಿದರೆ ಕಾಯಬೇಕು. ಇಳಿದವನನ್ನು ಮೇಲೆಳೆಯೋಕೆ ಜನ ಬೇಕು. ಹಾಗಾಗಿ ಯಾರೂ ಗುಟ್ಟಾಗಿ ಹಗೇವು ತೆಗೆದು ಉಣ್ಣೋಕಾಗುತ್ತಿರಲಿಲ್ಲ. ಹಳ್ಳಿಯವರೆಲ್ಲ ಧರ್ಮಾತ್ಮರು ಅಂತ ನಾನು ಹೇಳಲ್ಲ. ಕೇಳಿದವರಿಗೆ ಕೊಡದವರೂ ಇದ್ದರು. ಆದರೆ ಕೊಡದಿದ್ದದ್ದು ಊರಿಗೆ ಕಾಣುತ್ತಿತ್ತು. ಫ್ಲಾಟಿನ ಬಾಗಿಲ ಹಿಂದಿನ ದಾಸ್ತಾನು ಯಾರಿಗೂ ಕಾಣಲ್ಲ.

'ಮೊದಲು ನನ್ನ ಮಕ್ಕಳು' ಅನ್ನೋ ಮಾತಿನಲ್ಲಿ ತಪ್ಪಿಲ್ಲ. 'ದುಡ್ಡಿದ್ದೂ ತಂದಿಡದವನಿಗೆ ನಾನ್ಯಾಕೆ ಕೊಡಲಿ' ಅನ್ನೋದಕ್ಕೂ ಅರ್ಥವಿದೆ. ಆದರೆ ಪಕ್ಕದ ಸೈಟಿನ ತಗಡಿನ ಶೆಡ್ಡಿನಲ್ಲಿರೋ ಕಟ್ಟಡ ಕೆಲಸದವರಿಗೆ ತುಂಬಿಡೋಕೆ ಜಾಗವೂ ಇಲ್ಲ, ಮುಂದಿನ ವಾರದ ಕೂಲಿ ಈಗಲೇ ಕೈಲಿಲ್ಲ. ಅವರದು ಸೋಮಾರಿತನ ಅಲ್ಲ. ಮೂರನೇ ದಿನ ಅವರ ಮಗು ನೀರಿಗೆ ಬಾಗಿಲು ತಟ್ಟಿದರೆ, ಆಗ ಕೂತು ನ್ಯಾಯ ಯೋಚಿಸೋಕಾಗಲ್ಲ. ಭಯ ಇರುವಾಗ ಎಲ್ಲರ ಕೈಯೂ ಬಿಗಿಯಾಗುತ್ತೆ. ಅವರ ಪಾಲನ್ನು ಬೆಳಕಿರುವಾಗಲೇ ಲೆಕ್ಕಕ್ಕೆ ಸೇರಿಸಬೇಕು.

ಅದಕ್ಕೇ ನನ್ನ ಪಟ್ಟಿಯಲ್ಲಿ ನೀರಿನ ಕ್ಯಾನ್ ಮೂರರ ಬದಲು ಐದು. ಕೊನೆಯ ಸಾಲಿನಲ್ಲಿ ಕೆಳಗಿನ ಮನೆಯವರೆಗೆ ಮುಟ್ಟುವಷ್ಟು ಉದ್ದದ ಎಕ್ಸ್‌ಟೆನ್ಷನ್ ವೈರು.