ನೂರು ಕಣ್ಣಿನವಳ ಮುಂದೆ

ಅವ್ವಾ ಬನಶಂಕರಿ, ಈ ಸಲ ಹರಕೆ ಹೊತ್ತು ಬಂದಿಲ್ಲ. ಮಗನ ನೌಕರಿ, ಮನೆಯ ಸಾಲ, ಮೊಣಕಾಲು ನೋವು ಯಾವುದನ್ನೂ ಎತ್ತುವುದಿಲ್ಲ. ನನ್ನೊಳಗೇ ಮನೆ ಮಾಡಿಕೊಂಡು ನನ್ನನ್ನೇ ಬೈಯುವ ಒಂದು ದನಿಯ ಮೇಲೆ ದೂರು ತಂದಿದ್ದೇನೆ. ಗರ್ಭಗುಡಿಯ ಮುಂದೆ ನಿಂತು ಹೇಳೋಣವೆಂದರೆ ಹಿಂದಿನವರು ತಳ್ಳುತ್ತಾರೆ. ಇಂಥ ಮಾತಿಗೆ ಸ್ವಲ್ಪ ಹೊತ್ತು ಬೇಕು. ಹಾಗಾಗಿ ಹರಿದ್ರಾತೀರ್ಥದ ಮೆಟ್ಟಿಲ ಮೇಲೆ ಕೂತು, ರೊಟ್ಟಿ ಬುಟ್ಟಿಯ ಹೆಂಗಸರು "ಕೆನಿಮಸರ ಐತ್ರಿ, ಬರ್ರಿ" ಎಂದು ಕರೆಯುವ ಗದ್ದಲದ ನಡುವೆಯೇ ಹೇಳಿಕೊಳ್ಳುತ್ತೇನೆ.

ಆ ದನಿ ಹಗಲು ಸುಮ್ಮನಿರುತ್ತದೆ. ಪಾಠ, ಅಡುಗೆ, ಬಸ್ಸು ಎಂದು ಓಡಾಡುವವಳ ಬೆನ್ನು ಹತ್ತಲು ಅದಕ್ಕೂ ಪುರುಸೊತ್ತಿಲ್ಲವೇನೋ. ದೀಪ ಆರಿಸಿ ದಿಂಬಿಗೆ ತಲೆ ಕೊಟ್ಟೆನೋ ಇಲ್ಲವೋ, ಶುರು. "ಸ್ಟಾಫ್ ರೂಮಿನ್ಯಾಗ ಆ ಮಾತು ಯಾಕ ಆಡಿದಿ? ಎಲ್ಲಾರೂ ಏನ್ ತಿಳ್ಕೊಂಡಿರಬೇಕು? ಕೂದಲಾ ಬೆಳ್ಳಗಾದ್ರೂ ಮಾತಾಡಾಕ ಬರಂಗಿಲ್ಲ ನಿನಗ. ಯಾವತ್ತೂ ಹಿಂಗ ನೀನು." ಮರುದಿನ ಹೋಗಿ ನೋಡಿದರೆ ಆ ಮಾತು ಯಾರ ನೆನಪಿನಲ್ಲೂ ಇರುವುದಿಲ್ಲ. ಬೇರೆ ಯಾರಾದರೂ ನನಗೆ ಹೀಗೆ ಅಂದಿದ್ದರೆ ಅವರ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಇದರ ಜೊತೆ ಮಾತ್ರ ದಿನಾ ಒಂದೇ ಹಾಸಿಗೆ.

ನಿನ್ನ ಕತೆ ನೆನಪಾಗುತ್ತದೆ. ನೂರು ವರ್ಷ ಮಳೆ ಹೋದಾಗ ಮುನಿಗಳು ನನ್ನನ್ನು ಕರೆದರೆ ನೂರು ಕಣ್ಣುಗಳಿಂದ ಅವರನ್ನು ನೋಡುತ್ತೇನೆ, ಮಳೆ ಬರುವ ತನಕ ನನ್ನ ಮೈಯಿಂದಲೇ ಹುಟ್ಟಿದ ಸೊಪ್ಪು ಕಾಯಿಪಲ್ಯೆಯಿಂದ ಲೋಕವನ್ನು ಸಾಕುತ್ತೇನೆ ಎಂದು ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ ನೀನೇ ಮಾತು ಕೊಟ್ಟಿದ್ದೀ. ಅದಕ್ಕೇ ಶತಾಕ್ಷಿ, ಅದಕ್ಕೇ ಶಾಕಂಬರಿ. ಬನದ ಹುಣ್ಣಿಮೆಯ ಹೊತ್ತಿಗೆ ನಿನ್ನ ಮುಂದೆ ಬಗೆಬಗೆಯ ಪಲ್ಯ ಇಟ್ಟು ಪಲ್ಲೇದ ಹಬ್ಬ ಮಾಡುವುದೂ ಅದೇ ನೆನಪಿಗೆ. ದೇವೀಭಾಗವತದಲ್ಲಿ ಕತೆ ಇನ್ನೂ ಬೆಳೆದಿದೆ. ಅಲ್ಲಿ ದುರ್ಗಮನೆಂಬ ರಾಕ್ಷಸ ವೇದಗಳನ್ನು ವರವಾಗಿ ಪಡೆದಾಗ ಬ್ರಾಹ್ಮಣರು ಕಲಿತದ್ದನ್ನೆಲ್ಲ ಮರೆಯುತ್ತಾರೆ, ಬರ ಬೀಳುತ್ತದೆ. ನೀನು ಬಂದವಳು "ಹೇಗೆ ಮರೆತಿರಿ" ಎಂದು ಮೊದಲು ಕೇಳಲಿಲ್ಲ. ನಿನ್ನ ಕಣ್ಣುಗಳಿಂದ ಒಂಬತ್ತು ರಾತ್ರಿ ನೀರು ಸುರಿಯಿತು, ಆಮೇಲೆ ಹಸಿದವರಿಗೆ ಊಟ ಸಿಕ್ಕಿತು. ವಿಚಾರಣೆಯ ಮಾತು ಆ ಕತೆಯಲ್ಲಿ ನನಗೆ ಕಂಡಿಲ್ಲ.

ನನಗೂ ನೂರು ಕಣ್ಣಿವೆ ಅವ್ವಾ. ಎಲ್ಲವೂ ತಪ್ಪನ್ನೇ ಹುಡುಕುತ್ತವೆ. ಒಂದರಲ್ಲೂ ನೀರಿಲ್ಲ.

ಇದು ನನ್ನೊಬ್ಬಳ ಪಾಡಾಗಿದ್ದರೆ ಇಲ್ಲಿಯ ತನಕ ಬರುತ್ತಿರಲಿಲ್ಲ. ಹತ್ತನೆಯ ತರಗತಿಯ ಕಿರುಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಒಬ್ಬ ಹುಡುಗಿ ವರ್ಗ ಸಮೀಕರಣದ ಲೆಕ್ಕವನ್ನು ಅಪವರ್ತನ ಮಾಡಿ ಬಿಡಿಸಿದ್ದಳು. ಮಧ್ಯದ ಪದವನ್ನು ಸರಿಯಾಗಿ ಒಡೆದಿದ್ದಳು, ಆವರಣಗಳು ಸರಿ, ಚಿಹ್ನೆಗಳು ಸರಿ. ಮೂಲಗಳು 3 ಮತ್ತು –2 ಎಂದು ಬರೆದು ಕೆಳಗೆ ಸ್ಕೇಲು ಹಿಡಿದು ಗೆರೆಯನ್ನೂ ಎಳೆದಿದ್ದಳು. ಆಮೇಲೆ ಅಷ್ಟನ್ನೂ ಮೂಲೆಯಿಂದ ಮೂಲೆಗೆ ಹೊಡೆದು ಹಾಕಿ, ಪಕ್ಕದ ಪುಟದಲ್ಲಿ ಹೊಸದಾಗಿ ಮಾಡಲು ಹೋಗಿ ಅರ್ಧಕ್ಕೇ ಬಿಟ್ಟಿದ್ದಳು. ಪೆನ್ನು ಎಷ್ಟು ಒತ್ತಿದ್ದಳೆಂದರೆ ಹಾಳೆ ತಿರುವಿದರೆ ಆ ಗೆರೆ ಬೆರಳಿಗೆ ಹತ್ತುತ್ತಿತ್ತು. ಕರೆದು ಕೇಳಿದೆ. "ನಾ ಬಿಡಿಸಿದ್ದು ಸರಿ ಇರಾಕಿಲ್ಲ ಅನಸ್ತ್ರಿ ಟೀಚರ್." ಎಲ್ಲಿ ತಪ್ಪಿದೆ ಅನಿಸಿತು, ಬೆರಳಿಟ್ಟು ತೋರಿಸು ಎಂದೆ. ತೋರಿಸಲಿಲ್ಲ. ತಾನು ಮಾಡಿದ್ದು ಎಂಬುದೇ ಅವಳಿಗೆ ಸಾಕಷ್ಟು ಸಾಕ್ಷಿಯಾಗಿತ್ತು. ಆಮೇಲೆ ನಾನು ಹೇಳಿದ ಧೈರ್ಯದ ಮಾತುಗಳನ್ನು ನಿನಗೆ ಒಪ್ಪಿಸುವುದಿಲ್ಲ. ಎಲ್ಲ ಮಾಸ್ತರರೂ ಹೇಳುವಂಥವೇ.

ನನ್ನ ದನಿ ತನ್ನ ಪರವಾಗಿ ಒಂದೇ ವಾದ ಹೂಡುತ್ತದೆ: "ನಾ ಬೈಯದಿದ್ರ ನೀ ಉದ್ಧಾರ ಆಗ್ತಿರಲಿಲ್ಲ." ಆ ಪೇಪರು ನೋಡಿದ ಮೇಲೆ ಈ ವಾದವನ್ನು ನಾನು ನಂಬುವುದಿಲ್ಲ. ಲೆಕ್ಕ ಬಿಡಿಸಿದ್ದು ಹುಡುಗಿ. ದನಿ ಮಾಡಿದ್ದು ಹೊಡೆದು ಹಾಕುವ ಕೆಲಸ ಮಾತ್ರ.

ಗಣಿತದ ಮೌಲ್ಯಮಾಪನಕ್ಕೆ ಕೂತವರಿಗೆ ಗೊತ್ತು, ಕೊನೆಯ ಉತ್ತರ ತಪ್ಪಿದರೂ ಸೂತ್ರಕ್ಕಿಷ್ಟು, ಬೆಲೆ ಹಾಕಿದ್ದಕ್ಕಿಷ್ಟು ಎಂದು ಹಂತಹಂತಕ್ಕೆ ಅಂಕ ಕೊಡಲೇಬೇಕು. ವಿದ್ಯಾರ್ಥಿಗೆ ಒಪ್ಪಿಗೆಯಾಗದಿದ್ದರೆ ಉತ್ತರಪತ್ರಿಕೆಯ ನಕಲು ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕಬಹುದು. ನನ್ನೊಳಗೆ ಕೆಂಪು ಪೆನ್ನು ಹಿಡಿದು ಕೂತವನ ಬಳಿ ಹಂತದ ಅಂಕವಿಲ್ಲ, ಮರುಎಣಿಕೆಯಿಲ್ಲ, ಅವನ ಮೇಲೊಬ್ಬ ಅಧಿಕಾರಿಯಿಲ್ಲ. ಒಂದು ಪ್ರಶ್ನೆ ತಪ್ಪಿದರೆ ಇಡೀ ಪೇಪರಿಗೆ ಸೊನ್ನೆ. ಪೇಪರಿಗೆ ಅಷ್ಟೇ ಅಲ್ಲ, ಬರೆದವಳಿಗೂ ಸೊನ್ನೆ.

ಅವನು ಎಲ್ಲಿಂದ ಬಂದ? ಚಿಕ್ಕಂದಿನಲ್ಲಿ ಯಾರ ಬಾಯಿಂದಲೋ ಕೇಳಿದ ಮಾತು ಒಳಗೆ ಉಳಿದಿರಬಹುದು. ಬೇರೆಯವರು ಬೈಯುವ ಮೊದಲೇ ನಾನೇ ಬೈದುಕೊಂಡರೆ ಪೆಟ್ಟು ಹಗುರವಾದೀತು ಎಂದು ಮಗುವೊಂದು ಮಾಡಿಕೊಂಡ ಉಪಾಯವೂ ಇರಬಹುದು. ಪರದೇಶದ ಪಂಡಿತರ ಹೆಸರು ಹೇಳಿದರೆ ನಗಬೇಡ ಅವ್ವಾ. 1917ರಲ್ಲಿ ವಿಷಣ್ಣತೆಯ ಮೇಲೆ ಪ್ರಬಂಧ ಪ್ರಕಟಿಸಿದ ಫ್ರಾಯ್ಡ್, ರೋಗಿ ತನ್ನ ಮೇಲೆ ಹೊರಿಸಿಕೊಳ್ಳುವ ದೂರುಗಳನ್ನು ತಾಳ್ಮೆಯಿಂದ ಕೇಳುತ್ತಾ ಹೋದರೆ ಎಷ್ಟೋ ದೂರುಗಳು ಅವನಿಗಿಂತ ಅವನಿಗೆ ಬೇಕಾದ ಇನ್ನೊಬ್ಬರಿಗೇ ಹೆಚ್ಚು ಹೊಂದುತ್ತವೆ ಎಂದ. ಅದು ಎಲ್ಲರಿಗೂ ಅನ್ವಯಿಸುತ್ತದೆಂದು ನನಗೇನೂ ಅನಿಸುವುದಿಲ್ಲ. ನನ್ನ ಕೈಗೆ ಹತ್ತಿದ್ದು ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಹಿಡಿದ ದಾರಿ. ಮನಸ್ಸಿನಲ್ಲಿ ಮಿಂಚಿ ಮಾಯವಾಗುವ ಇಂಥ ಬೈಗುಳಗಳನ್ನು ಹಿಡಿದು ನಿಲ್ಲಿಸಿ, "ಇದಕ್ಕೆ ಪುರಾವೆ ಏನು?" ಎಂದು ರೋಗಿಯ ಜೊತೆ ಕೂತು ಕೇಳುವುದು ಅವನ ಪದ್ಧತಿ. ಗಣಿತದವಳಿಗೆ ಇದು ಮನೆಯ ಮಾತು. "ಯಾವತ್ತೂ ಹಿಂಗ ನೀನು" ಎಂಬ ಹೇಳಿಕೆಯನ್ನು ಬೀಳಿಸಲು ನೂರು ಉದಾಹರಣೆ ಬೇಕಿಲ್ಲ, ಒಂದೇ ಒಂದು ಪ್ರತ್ಯುದಾಹರಣೆ ಸಾಕು. ರಾತ್ರಿ ಎದ್ದು ಆ ವಾಕ್ಯವನ್ನು ಕಾಗದದ ಮೇಲೆ ಬರೆದು ಅದರ ಕೆಳಗೆ ಆ ಒಂದನ್ನು ಬರೆದರೆ, ದನಿ ಪೂರ್ತಿ ಸುಮ್ಮನಾಗದಿದ್ದರೂ ತಡವರಿಸುತ್ತದೆ.

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಮನಸ್ಸು ಸರಿಯಾಗುವುದಿಲ್ಲ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಕಂಡದ್ದೂ ಇದನ್ನೇ. ತನ್ನ ಬಳಿ ಬಂದವರು ಸರಿಯಾದ ಸಮಾಧಾನವನ್ನೇ ತಮಗೆ ಹೇಳಿಕೊಳ್ಳುತ್ತಿದ್ದರು, ಹೇಳಿಕೊಳ್ಳುವ ಧಾಟಿ ಮಾತ್ರ ಗದರುವ ಧಾಟಿಯಾಗಿತ್ತು. "ಇರ್ಲಿ ಬಿಡು" ಎಂಬುದನ್ನು ಕೂಡ ಹಲ್ಲು ಕಡಿದು ಹೇಳಬಹುದು. ನಾನು ಹೇಳಿ ನೋಡಿದ್ದೇನೆ.

ಇನ್ನೊಂದು ಸಂಶಯವಿತ್ತು. ತನ್ನನ್ನು ತಾನು ಹಳಿದುಕೊಳ್ಳುವುದು ನಮ್ಮಲ್ಲಿ ದೊಡ್ಡವರ ಗುಣವಲ್ಲವೇ? ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು ಯಾವ ಮುಲಾಜೂ ಇಲ್ಲದೆ ಬಯಲಿಗೆಳೆದರು. ಪುರಂದರದಾಸರು, ಕನಕದಾಸರು ತಮ್ಮ ಕುಂದುಗಳನ್ನು ಹಾಡಿಕೊಂಡೇ ತಿರುಗಿದರು. ಹಾಗಾದರೆ ನನ್ನ ದನಿಯದ್ದೂ ವಿನಯವೇ ಇರಬಹುದಲ್ಲ ಎಂದುಕೊಂಡಿದ್ದೆ. ಅಲ್ಲ. ಅವರ ವಚನದ, ಪದದ ಕೊನೆಗೆ ಒಂದು ಅಂಕಿತವಿದೆ: ಕೂಡಲಸಂಗಮದೇವ, ಪುರಂದರವಿಠಲ, ಕಾಗಿನೆಲೆಯಾದಿಕೇಶವ. ಅವರು ಕೇಳುವವನೊಬ್ಬನ ಮುಂದೆ ಹೇಳಿಕೊಂಡರು. ಅವನೊಡನೆ ಜಗಳ ತೆಗೆದರು, ನೀನೇ ದಿಕ್ಕು ಎಂದು ಪಟ್ಟು ಹಿಡಿದರು. ನನ್ನ ರಾತ್ರಿಯ ಬೈಗುಳಕ್ಕೆ ಅಂಕಿತವೇ ಇಲ್ಲ. ಬೈಯುವವಳೂ ನಾನೇ, ಬೈಸಿಕೊಳ್ಳುವವಳೂ ನಾನೇ, ಬಾಗಿಲು ಹಾಕಿದ ಕೋಣೆ. ಅದಕ್ಕೇ ಇವತ್ತು ಬಾಗಿಲು ತೆಗೆದು ನಿನ್ನ ಹತ್ತಿರ ಬಂದಿದ್ದು.

ದನಿಯನ್ನು ಬೇರುಸಮೇತ ಕಿತ್ತು ಹಾಕು ಎಂದು ಬೇಡುವುದಿಲ್ಲ. ತಪ್ಪೇ ಕಾಣದ ಟೀಚರು ಯಾರಿಗೆ ಬೇಕು? ಅದು ಹೇಳುವುದಿದ್ದರೆ ಹಗಲು ಹೊತ್ತಿನಲ್ಲಿ ಹೇಳಲಿ. ಎಲ್ಲಿ ತಪ್ಪಿದೆಯೋ ಆ ಹಂತದ ಮೇಲೆ ಬೆರಳಿಡಲಿ, ಉಳಿದ ಹಂತಕ್ಕೆ ಅಂಕ ಕೊಡಲಿ. ಲೆಕ್ಕ ಹೊಡೆದು ಹಾಕಿದ ಆ ಹುಡುಗಿಗೆ ನಾನು ತಿದ್ದಿ ಹೇಳುವ ಧಾಟಿಯಲ್ಲೇ ನನಗೂ ಹೇಳಲಿ. ಆನೆಯಂಥದೂ ಎಡವುತ್ತದೆ ಎಂದು ಊರಿಗೆಲ್ಲ ಗಾದೆ ಹೇಳುವ ನನ್ನ ಬಾಯಿಗೆ, ಆ ಗಾದೆ ನನಗೂ ಸಲ್ಲುತ್ತದೆಂಬ ನೆನಪು ಕೊಡು. ನಿನ್ನ ನೂರರಲ್ಲಿ ಒಂದು ಕಣ್ಣು ಕೊಟ್ಟರೂ ಸಾಕು, ನನ್ನನ್ನು ನಾನು ನೋಡಿಕೊಳ್ಳುವುದಕ್ಕೆ.

ಕೊನೆಯದೊಂದಿದೆ, ಇದು ನನಗಾಗಿ ಅಲ್ಲ. ಕೆಲವರೊಳಗೆ ಈ ದನಿ ಬೈಯುವುದಕ್ಕೇ ನಿಲ್ಲುವುದಿಲ್ಲ, ನೀನು ಇರುವುದೇ ದಂಡ ಎನ್ನತೊಡಗುತ್ತದೆ. ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮಕ್ಕಳ ಕಿವಿಯಲ್ಲಿ ಅದು ಏನು ಹೇಳುತ್ತಿರುತ್ತದೋ ನಮಗೆ ಕೇಳಿಸುವುದಿಲ್ಲ. ಆಗ ನಿನ್ನ ಹರಕೆಯೊಂದೇ ಸಾಕೆಂದು ಯಾರೂ ಕೂರದಿರಲಿ. ವೈದ್ಯರ ಬಳಿ ಹೋದವರ ಮೇಲೆ ನಿನಗೇನೂ ಸಿಟ್ಟಿರಲಾರದು ಎಂಬ ಧೈರ್ಯದಿಂದ, ಗುಡಿಗೆ ಬಂದವರೆಲ್ಲರಿಗೂ ಹೇಳುತ್ತೇನೆ: ಮಗು ಊಟ ಬಿಟ್ಟಿದ್ದರೆ, ನಿದ್ದೆ ಬಿಟ್ಟಿದ್ದರೆ, ತಾನು ಯಾತಕ್ಕೂ ಬಾರದವಳು ಎನ್ನುತ್ತಿದ್ದರೆ ಪಕ್ಕದಲ್ಲಿ ಕೂತು ಕೇಳಿರಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿರಿ. ಕೂಡಲೇ ಹೋಗಲು ಆಗದಿದ್ದರೆ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಇದೆ. ನಂಬರು 14416. ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ನಡೆಯುವ ಸೇವೆ.