ನಾಳೆ ಬಾ

ಲಕ್ಷ್ಮೀ ನಗರದಲ್ಲಿ ನಾನಿರುವ ಗಲ್ಲಿಯಿಂದ ಎರಡು ಗಲ್ಲಿ ಆಚೆ, ಮೂರನೇ ಮಹಡಿಯ ರೂಮೊಂದರಲ್ಲಿ ನಮ್ಮ ಟೀಮಿನ ಹುಡುಗನೊಬ್ಬನಿದ್ದಾನೆ. ಕಲಬುರಗಿ ಕಡೆಯವನು. ಆಗ ಅವನು ದಿಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಯಮುನಾ ಬ್ಯಾಂಕಿನಲ್ಲಿ ಇಳಿದು ನೋಯ್ಡಾ ಮೆಟ್ರೊ ಹಿಡಿಯುವಾಗ ಆಗಾಗ ಸಿಗುತ್ತಿದ್ದ. ಒಂದು ಶುಕ್ರವಾರ ಮೆಸೇಜ್ ಬಂತು: ಊರಿಂದ ಕಡಕ್ ರೊಟ್ಟಿ ಬಂದಿವೆ, ಭಾನುವಾರ ಮಧ್ಯಾಹ್ನ ಊಟಕ್ಕೆ ಬರಬೇಕು ಸರ್. ನಾನು ಯಾವುದೋ ಕಾಲ್‌ನಲ್ಲಿದ್ದೆ. ‘ಶ್ಯೂರ್, ವಿಲ್ ಟ್ರೈ!’ ಎಂದು ಬರೆದು, ನಗುಮುಖವೊಂದನ್ನು ಅಂಟಿಸಿ, ಮರೆತುಬಿಟ್ಟೆ.

ಸೋಮವಾರ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ. “ಮೂರ್ ಗಂಟೀ ತನಕ ಹಾದಿ ನೋಡಿದೆರಿ ಸರ್, ಆಮ್ಯಾಲ ಉಂಡೆ” ಎಂದ. ದೂರಿನ ದನಿಯಿರಲಿಲ್ಲ. ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಹುಡುಕಿ ಶನಿವಾರವೆಲ್ಲ ಅಲೆದಿದ್ದನೆಂದು ಮಾತಿನ ನಡುವೆ ತಿಳಿಯಿತು.

ನಾನು ಸುಳ್ಳು ಹೇಳಿದ್ದೆನೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

‘ವಿಲ್ ಟ್ರೈ’ ಎಂದರೆ ಬರುವುದಿಲ್ಲ, ‘ಲೆಟ್ಸ್ ಕ್ಯಾಚ್ ಅಪ್ ಸಮ್‌ಟೈಮ್’ ಎಂದರೆ ಈಗಂತೂ ಬೇಡ ಎಂದು ಆಫೀಸಿನಲ್ಲಿ ಹಳಬರಿಗೆಲ್ಲ ಗೊತ್ತು. ‘ರೇನ್ ಚೆಕ್’ ಎಂಬ ಇನ್ನೊಂದು ಮಾತಿದೆ. ಅದು ಹತ್ತೊಂಬತ್ತನೇ ಶತಮಾನದ ಅಮೆರಿಕದ ಬೇಸ್‌ಬಾಲ್ ಮೈದಾನಗಳಿಂದ ಬಂದದ್ದು. ಮಳೆಯಿಂದ ಆಟ ನಿಂತರೆ, ಮುಂದಿನ ಆಟವನ್ನು ಪುಕ್ಕಟೆ ನೋಡಲು ಪ್ರೇಕ್ಷಕನಿಗೆ ಕೊಡುತ್ತಿದ್ದ ಚೀಟಿ ಅದು. ಅಂದರೆ ತೀರಿಸಬೇಕಾದ ಸಾಲ. ನಮ್ಮ ಬಾಯಲ್ಲಿ ಅದು ಸಾಲದಿಂದ ತಪ್ಪಿಸಿಕೊಳ್ಳುವ ಉಪಾಯವಾಗಿದೆ.

ಇದು ಇಂಗ್ಲಿಷಿನ ತಪ್ಪು, ಕನ್ನಡದವರು ನೇರ ಮಾತಿನವರು ಎಂದು ಬೆನ್ನು ತಟ್ಟಿಕೊಳ್ಳುವಂತೆಯೂ ಇಲ್ಲ. ಶಿವಮೊಗ್ಗದ ನಮ್ಮ ಮನೆಯಲ್ಲಿ ಅಮ್ಮ ಎಷ್ಟೋ ಆಮಂತ್ರಣಗಳಿಗೆ ‘ನೋಡೋಣ’ ಎಂದೇ ಹೇಳುತ್ತಿದ್ದಳು. ಆದರೆ ಕರೆದವರು ಅಷ್ಟಕ್ಕೆ ಬಿಡುತ್ತಿರಲಿಲ್ಲ. “ನೋಡೋಣ ಗೀಡೋಣ ಇಲ್ಲ, ಬರ್ಲೇಬೇಕು” ಎನ್ನುತ್ತಿದ್ದರು. ಎರಡನೆಯ ಸಲವೋ ಮೂರನೆಯ ಸಲವೋ ಕೇಳಿದಾಗ ನಿಜ ಹೊರಗೆ ಬರುತ್ತಿತ್ತು. ಮಾತು ಮಸುಕಾಗಿದ್ದರೂ ಮುಖ ಎದುರಿಗಿತ್ತು. ಮೊಬೈಲಿನ ನಗುಮುಖವನ್ನು ಮತ್ತೆ ಮತ್ತೆ ಕೇಳಲು ಬರುವುದಿಲ್ಲ. ಅದರಲ್ಲೂ ಕೇಳಬೇಕಾದವನು ಕಿರಿಯ, ಎದುರಿಗಿರುವವನು ಮ್ಯಾನೇಜರ್.

ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು 1797ರಲ್ಲಿ ವಾದಿಸಿದ ಕಾಂಟ್, ಅದೇ ವರ್ಷದ ‘ಮೆಟಾಫಿಸಿಕ್ಸ್ ಆಫ್ ಮಾರಲ್ಸ್’ ಗ್ರಂಥದಲ್ಲಿ ಒಂದು ಸಣ್ಣ ಪ್ರಶ್ನೆ ಎತ್ತುತ್ತಾನೆ. ಕಾಗದದ ಕೊನೆಗೆ ಬರೆಯುವ ‘ನಿಮ್ಮ ವಿಧೇಯ ಸೇವಕ’ ಎಂಬುದು ಸುಳ್ಳೆ? ಅದರಿಂದ ಯಾರೂ ಮೋಸಹೋಗುವುದಿಲ್ಲ ಎಂದೂ ಅಲ್ಲೇ ಸೇರಿಸುತ್ತಾನೆ. ಅಷ್ಟು ಕಟ್ಟುನಿಟ್ಟಿನ ಮನುಷ್ಯನೇ ಸಡಿಲಿಸಿದ್ದಾನಲ್ಲ ಎಂದು ನನಗೆ ಮೊದಲು ಸಮಾಧಾನವಾಯಿತು. ಆಮೇಲೆ ತೊಡಕು ಕಂಡಿತು. ನನ್ನ ವಿಷಯದಲ್ಲಿ ಒಬ್ಬ ಮೋಸಹೋಗಿದ್ದ. ಉಪಚಾರದ ಮಾತು ಸುಳ್ಳಾಗದೆ ಉಳಿಯುವುದು ಅದರ ಒಳಗುಟ್ಟು ಇಬ್ಬರಿಗೂ ಗೊತ್ತಿದ್ದಾಗ ಮಾತ್ರ. ಗೊತ್ತಿಲ್ಲದವನ ಮುಂದೆ ಆಡಿದರೆ ಅದೇ ಮಾತು ಸುಳ್ಳಾಗುತ್ತದೆ, ಆಡಿದವನ ಮನಸ್ಸಿನಲ್ಲಿ ಕೇಡಿಲ್ಲದಿದ್ದರೂ.

1990ರ ದಶಕದಲ್ಲಿ ನಮ್ಮಲ್ಲಿ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ರಾತ್ರಿ ಬರುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ, ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ. ಚಿಕ್ಕವನಿದ್ದಾಗ ದೆವ್ವದ ದಡ್ಡತನಕ್ಕೆ ನಗುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಕತೆಯಲ್ಲಿ ಬರೆದ ಮಾತನ್ನು ನಂಬಿದ್ದು ಆ ದೆವ್ವವೊಂದೇ. ನಾನು ಅದೇ ಬರಹವನ್ನು ರೊಟ್ಟಿ ಕಟ್ಟಿಟ್ಟುಕೊಂಡು ಕಾಯುತ್ತಿದ್ದ ಹುಡುಗನಿಗೆ ಕಳಿಸಿದ್ದೆ.

ಕೆಲವು ತಿಂಗಳ ಮೇಲೆ ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕವಿತ್ತು. ಜೊತೆಗೆ ಹೋಗೋಣವೆಂದು ಅವನಿಗೆ ಬರೆದೆ. ತಕ್ಷಣ ಉತ್ತರ ಬಂತು: ‘ಶ್ಯೂರ್ ಸರ್, ವಿಲ್ ಟ್ರೈ!’ ನಗುಮುಖವೂ ಇತ್ತು. ಬರಲಿಲ್ಲ. ಅವನು ಕಲಿತಿದ್ದ, ಕಲಿಸಿದವರಲ್ಲಿ ನಾನೂ ಒಬ್ಬ. ನಾಟಕ ನೋಡುವಾಗ ಪಕ್ಕದ ಖಾಲಿ ಕುರ್ಚಿಗಿಂತ ಇದೇ ಹೆಚ್ಚು ಚುಚ್ಚಿತು.

ಈಗ ಒಂದು ಸಣ್ಣ ನಿಯಮ ಇಟ್ಟುಕೊಂಡಿದ್ದೇನೆ. ಹಳಬರೊಂದಿಗೆ ಹಳೇ ಆಟ ನಡೆಯಲಿ. ಹೊಸದಾಗಿ ಬಂದವರು ಕರೆದರೆ ಮಾತ್ರ ‘ಈ ಭಾನುವಾರ ಆಗಲ್ಲ’ ಎನ್ನುತ್ತೇನೆ. ಹೋಗುವ ಮನಸ್ಸಿದ್ದರೆ ‘ಮುಂದಿನ ಶನಿವಾರ, ಒಂದು ಗಂಟೆಗೆ’ ಎಂದು ಸೇರಿಸುತ್ತೇನೆ. ದಿನ ಹೇಳಿದರೆ ಮಾತಿಗೆ ಜವಾಬ್ದಾರಿ ಬರುತ್ತದೆ. ಇಲ್ಲ ಎಂದರೆ ಅರೆಗಳಿಗೆ ಮುಜುಗರವಾಗುತ್ತದೆ, ಆದರೆ ಎದುರಿನವನ ಭಾನುವಾರ ಅವನದಾಗಿ ಉಳಿಯುತ್ತದೆ. ಆ ಮುಜುಗರವನ್ನು ಹೊರಬೇಕಾದವನು ಗುಟ್ಟು ಗೊತ್ತಿರುವವನು, ಊರಿಗೆ ಹೊಸಬನಲ್ಲ.

ಆ ಹುಡುಗನಿಗೂ ಮೊನ್ನೆ ಬರೆದೆ: ರೊಟ್ಟಿ ಬಂದಾಗ ಹೇಳು, ಬರುತ್ತೇನೆ. ಬರೆದ ಮೇಲೆ ಓದಿ ನೋಡಿದರೆ ಅದರಲ್ಲೂ ದಿನವಿರಲಿಲ್ಲ. ಅಳಿಸಿ ಮತ್ತೆ ಬರೆದೆ: ಈ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ, ಹನ್ನೆರಡೂವರೆಗೆ ನಿನ್ನ ಗಲ್ಲಿಯ ಬಾಯಲ್ಲಿ ನಿಂತಿರುತ್ತೇನೆ.